ಕಣ್ಣು ಪರದೆಯ ಮೇಲೆ, ಬೆಟ್ಟ ಬೆನ್ನ ಹಿಂದೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ನೆಲೆಸಿರುವ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಉಪನ್ಯಾಸದ ಲಿಖಿತ ರೂಪ)



ಸಾಮಾಜಿಕ ಜಾಲತಾಣಗಳ ವ್ಯಸನ ಮತ್ತು ಅದರಿಂದಾಗುವ ಹಾನಿಯನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕರೆದಿದ್ದಾರೆ. ಕಾಡು, ಹೊಳೆ, ಸೊಪ್ಪಿನಬೆಟ್ಟಗಳ ಮಾತು ನಡೆಯುವ ವೇದಿಕೆಯಲ್ಲಿ ಮೊಬೈಲಿನ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಿರಬೇಕು. ನಾನು ವಾಸಿಸುವ ಪಶ್ಚಿಮ ಬೆಂಗಳೂರಿಗೂ ನಿಮ್ಮ ಊರುಗಳಿಗೂ ನಡುವೆ ಇಂದು ಎರಡು ಹರಿವುಗಳಿವೆ. ಪದವಿ ಮುಗಿಸಿದ ನಿಮ್ಮ ಮಕ್ಕಳು ಉದ್ಯೋಗದ ಪರೀಕ್ಷೆಗಳಿಗೆ ಓದಲೆಂದು ವಿಜಯನಗರಕ್ಕೆ ಬರುತ್ತಾರೆ. ಶುಕ್ರವಾರ ರಾತ್ರಿಯಾದರೆ ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿಗಳಿಂದ ಬೈಕುಗಳೂ ಟೆಂಪೊಗಳೂ ನಿಮ್ಮ ಬೆಟ್ಟಗಳ ಕಡೆಗೆ ಹೊರಡುತ್ತವೆ. ಬರುವವರನ್ನೂ ಹೋಗುವವರನ್ನೂ ಇಂದು ಒಂದೇ ಪರದೆ ನಡೆಸುತ್ತಿದೆ. ಆದುದರಿಂದ ಈ ವಿಷಯ ಇಲ್ಲಿಗೆ ಹೊರಗಿನದಲ್ಲ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಿಬಿಡುತ್ತೇನೆ. ಮೊಬೈಲೇ ಪಾಪ, ಅದನ್ನು ಹೊಳೆಗೆ ಎಸೆಯಿರಿ ಎಂದು ಉಪದೇಶಿಸಲು ನಾನು ಬಂದಿಲ್ಲ. ನೆಟ್‌ವರ್ಕ್ ಇಲ್ಲದ ಊರಿನ ಕಷ್ಟವನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಸಮೀಪದ ಬಳ್ಳಕದಲ್ಲಿ, ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಮಲೆನಾಡು ಹಳ್ಳಿಗಳಲ್ಲಿ, ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲವೆಂಬ ಅಭಿಯಾನ ನಡೆಯಿತು. ಆ ಬೇಡಿಕೆ ನ್ಯಾಯವಾದುದು. ನಗರಕ್ಕೆ ಸಿಕ್ಕಿದ್ದು ಹಳ್ಳಿಗೆ ಬೇಡವೆನ್ನುವ ಹಕ್ಕು ನಗರದವನಾದ ನನಗಿಲ್ಲ. ಆದರೆ ಗೋಪುರದಿಂದ ಪಾಠವೊಂದೇ ಇಳಿಯುವುದಿಲ್ಲ. ಅದರೊಡನೆ ಇನ್ನೇನು ಇಳಿಯುತ್ತದೆ, ಅದನ್ನು ಯಾವ ಷರತ್ತಿನ ಮೇಲೆ ಬರಮಾಡಿಕೊಳ್ಳಬೇಕು ಎಂಬುದನ್ನು ಊರು ಕುಳಿತು ಚರ್ಚಿಸಿದ್ದು ಕಡಿಮೆ. ಆ ಚರ್ಚೆಗೆ ಉಪಯೋಗವಾಗಲೆಂದು ನಾನು ಕಂಡದ್ದನ್ನು ಹೇಳುತ್ತೇನೆ.

ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆ ಬಂದವರಿಗೆ ಗೊತ್ತು: ಗೋಡೆಗೋಡೆಯ ಮೇಲೂ ಕೋಚಿಂಗ್ ಕೇಂದ್ರಗಳ ಫಲಕಗಳು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ ಎಂದು ಕನಸು ಹೊತ್ತ ಸಾವಿರಾರು ಯುವಕ ಯುವತಿಯರು ಅಲ್ಲಿ ಪಿಜಿಗಳಲ್ಲಿ ಉಳಿದಿದ್ದಾರೆ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯ ಅವರ ಪಾಲಿಗೆ ದೇವಸ್ಥಾನವಿದ್ದಂತೆ. ಬೆಳಿಗ್ಗೆ ತಡವಾಗಿ ಹೋದರೆ ಕುರ್ಚಿ ಸಿಗದು. ಕುರ್ಚಿ ಮೇಜನ್ನೇ ತಿಂಗಳ ಬಾಡಿಗೆಗೆ ಕೊಡುವ ಖಾಸಗಿ ವಾಚನಾಲಯಗಳೂ ಓಣಿಗಳಲ್ಲಿ ತಲೆಯೆತ್ತಿವೆ. ಊರಿನಲ್ಲಿ ಅಪ್ಪ ಅಡಿಕೆ ಮಾರಿ, ಅಮ್ಮ ಸಂಘದಲ್ಲಿ ಸಾಲ ಎತ್ತಿ ಕಳುಹಿಸುವ ಹಣದಿಂದ ಈ ಬದುಕು ನಡೆಯುತ್ತದೆ.

ಹಲವು ವರ್ಷಗಳಿಂದ ಈ ಮಕ್ಕಳೊಡನೆ ಒಡನಾಡುತ್ತಿದ್ದೇನೆ. ಅವರು ಸೋಮಾರಿಗಳಲ್ಲ. ಒಮ್ಮೆ ಮಲೆನಾಡಿನವನೇ ಆದ ಹುಡುಗನೊಬ್ಬ ತನ್ನ ಫೋನು ತೆರೆದು, ಹಿಂದಿನ ದಿನ ಅದನ್ನು ಎಷ್ಟು ಹೊತ್ತು ನೋಡಿದ್ದೇನೆಂಬ ಲೆಕ್ಕವನ್ನು ನನಗೆ ತೋರಿಸಿದ. ಆರೂವರೆ ಗಂಟೆ. ಅವನೇ ಬೆರಗಾಗಿದ್ದ. "ಸರ್, ಕೋಚಿಂಗಿನ ನೋಟ್ಸ್ ಬರುವುದು ಟೆಲಿಗ್ರಾಂನಲ್ಲಿ, ಪ್ರಚಲಿತ ವಿದ್ಯಮಾನದ ಪಾಠ ಯೂಟ್ಯೂಬಿನಲ್ಲಿ. ಅದಕ್ಕೆಂದೇ ತೆಗೆಯುತ್ತೇನೆ. ಆಮೇಲೆ ಎಲ್ಲಿಗೆ ಹೋದೆನೆಂದು ನನಗೇ ತಿಳಿಯುವುದಿಲ್ಲ" ಎಂದ. ಈ ಮಾತನ್ನು ಗಮನಿಸಬೇಕು. ಪುಸ್ತಕದ ಅಂಗಡಿಯೂ ಜೂಜಿನ ಕಟ್ಟೆಯೂ ಒಂದೇ ಬಾಗಿಲಿನೊಳಗಿದ್ದರೆ, ಪುಸ್ತಕಕ್ಕೆಂದು ಒಳಹೊಕ್ಕ ಹುಡುಗನನ್ನು ಬೈದು ಪ್ರಯೋಜನವೇನು?

ಜೂಜಿನ ಮಾತನ್ನು ಬೇಕೆಂದೇ ಆಡಿದೆ. ನಮ್ಮ ಹಿರಿಯರು ಸಪ್ತವ್ಯಸನಗಳನ್ನು ಎಣಿಸಿದಾಗ ದ್ಯೂತವನ್ನೂ ಸೇರಿಸಿದರು. ವ್ಯಸನವೆಂಬ ಪದಕ್ಕೆ ಚಟವೆಂಬ ಅರ್ಥವೂ ಉಂಟು, ದುಃಖವೆಂಬ ಅರ್ಥವೂ ಉಂಟು. ಎರಡನ್ನೂ ಒಂದೇ ಪದದಲ್ಲಿಟ್ಟವರು ಅನುಭವಸ್ಥರಿರಬೇಕು. ಜಾತ್ರೆಯ ಬಯಲಿನಲ್ಲಿ ಗುಡಗುಡಿ ಆಡುವವನನ್ನು ನೋಡಿ. ಪ್ರತಿಸಲವೂ ಗೆದ್ದರೆ ಅವನಿಗೆ ಬೇಸರ ಬಂದೀತು, ಪ್ರತಿಸಲವೂ ಸೋತರೆ ಎದ್ದು ಹೋದಾನು. ಯಾವಾಗ ಗೆಲ್ಲುವೆನೆಂದು ತಿಳಿಯದ ಕಾರಣಕ್ಕೇ ಬೆಳಗಿನವರೆಗೂ ಕುಳಿತಿರುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳೂ ಇದನ್ನೇ ಹೇಳಿದವು: ಕೊಕ್ಕಿನಿಂದ ಕುಕ್ಕಿದಾಗ ಕಾಳು ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಪಕ್ಷಿ ಕುಕ್ಕುವುದನ್ನು ನಿಲ್ಲಿಸುವುದೇ ಇಲ್ಲ. ಹೆಬ್ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳುತ್ತ ಕುಳಿತ ನಮ್ಮ ಸ್ಥಿತಿ ಅದಕ್ಕಿಂತ ಬಹಳ ಬೇರೆಯೇನಲ್ಲ. ಮುಂದಿನದು ಸಪ್ಪೆಯಿರಬಹುದು, ಸೊಗಸಾಗಿಯೂ ಇರಬಹುದು. ಆದ್ದರಿಂದ ಇನ್ನೊಂದು, ಮತ್ತೊಂದು.

ಇದು ತಾನಾಗಿ ಆದದ್ದಲ್ಲ, ಮಾಡಿದ್ದು. ಓದುತ್ತ ಹೋದರೆ ಪುಟ ಮುಗಿಯದಂತೆ ಕೆಳಗಿನಿಂದ ಹೊಸದು ಬಂದು ಸೇರುತ್ತಲೇ ಇರುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್. ಅವರೇ ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. ಫೇಸ್‌ಬುಕ್ಕಿನ ಲೈಕ್ ಗುಂಡಿ ಬಂದದ್ದು 2009ರಲ್ಲಿ. ಮನುಷ್ಯನ ಮನಸ್ಸಿನ ದೌರ್ಬಲ್ಯವನ್ನು ತಿಳಿದೇ ಬಳಸಿಕೊಂಡೆವೆಂದು ಆ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದ ಶಾನ್ ಪಾರ್ಕರ್ 2017ರಲ್ಲಿ ಸಭೆಯೊಂದರಲ್ಲಿ ಒಪ್ಪಿಕೊಂಡರು. ನಮ್ಮ ದೇಶದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ನೀರಿನಂತಾಯಿತು. 2020ರ ಜೂನ್ ಕೊನೆಗೆ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂದಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್. ಒಂದು ಗಣಿ ಮುಚ್ಚಿದರೆ ಪಕ್ಕದ ಗುಡ್ಡದಲ್ಲಿ ಇನ್ನೆರಡು ತೆರೆದ ಹಾಗೆ. ಈ ಹೋಲಿಕೆಯನ್ನು ನಿಮಗೆ ವಿವರಿಸಿ ಹೇಳಬೇಕಿಲ್ಲ. ಅಲ್ಲಿ ಅಗೆಯುವುದು ಅದಿರನ್ನು. ಇಲ್ಲಿ ಅಗೆಯುವುದು ನಮ್ಮ ಗಮನವನ್ನು. ನಾವು ನೋಡುತ್ತ ಕುಳಿತ ಪ್ರತಿ ನಿಮಿಷವೂ ಜಾಹೀರಾತುದಾರನಿಗೆ ಮಾರಾಟವಾಗುವ ಸರಕು. ಸೇವೆ ಉಚಿತವೆಂದು ನಾವು ಸಂತೋಷಪಡುತ್ತಿದ್ದೇವೆ.

ಇನ್ನು ಹಾನಿಯ ವಿಚಾರ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದವರು. 2023ರಲ್ಲಿ ಅವರು ಹೊರಡಿಸಿದ ಎಚ್ಚರಿಕೆಯ ಪ್ರಕಾರ, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕಾಲ ಜಾಲತಾಣಗಳಲ್ಲಿ ಕಳೆಯುವ ಹದಿಹರೆಯದವರಲ್ಲಿ ಆತಂಕ, ಖಿನ್ನತೆಗಳ ಲಕ್ಷಣ ಕಾಣಿಸಿಕೊಳ್ಳುವ ಅಪಾಯ ಇಮ್ಮಡಿ. ಮರುವರ್ಷ ಅವರು, ತಂಬಾಕಿನ ಪೊಟ್ಟಣದ ಮೇಲಿರುವಂತೆ ಜಾಲತಾಣಗಳ ಮೇಲೂ ಎಚ್ಚರಿಕೆಯ ಬರಹ ಇರಬೇಕೆಂದರು. 2021ರಲ್ಲಿ ಹೊರಬಿದ್ದ ಫೇಸ್‌ಬುಕ್ ಸಂಸ್ಥೆಯ ಒಳಗಿನ ದಾಖಲೆಗಳಲ್ಲಿ ಇನ್ನೊಂದು ಸಂಗತಿಯಿತ್ತು: ತಮ್ಮ ದೇಹದ ಬಗ್ಗೆ ಬೇಸರದಲ್ಲಿದ್ದ ಹದಿಹರೆಯದ ಹೆಣ್ಣುಮಕ್ಕಳಲ್ಲಿ ಶೇ. 32ರಷ್ಟು ಮಂದಿ, ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸಿತೆಂದು ಹೇಳಿದ್ದರು. ಸಂಸ್ಥೆಗೆ ಇದು ಗೊತ್ತಿತ್ತು.

ಇಲ್ಲಿ ಒಂದು ವಿವೇಕವೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಆಟದ ಚಟಕ್ಕೆ ಸ್ಥಾನವಿದೆ, ಜಾಲತಾಣದ ಚಟಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಒಂಟಿತನದಿಂದ ಮಗು ಫೋನು ಹಿಡಿಯಿತೋ, ಫೋನು ಹಿಡಿದು ಒಂಟಿಯಾಯಿತೋ ಎಂಬುದು ವಿದ್ವಾಂಸರಲ್ಲಿ ಇನ್ನೂ ವಾದದ ವಿಷಯವೇ. ನಾನು ಕಂಡ ಮಟ್ಟಿಗೆ ಎರಡೂ ಸತ್ಯ. ಒಂದು ಇನ್ನೊಂದನ್ನು ಎಳೆದು ತರುತ್ತದೆ. ಪರೀಕ್ಷೆಯ ಫಲಿತಾಂಶ ತಡವಾದಾಗ, ನೇಮಕಾತಿ ನಿಂತಾಗ, ವಯೋಮಿತಿ ಹತ್ತಿರವಾದಾಗ ವಿಜಯನಗರದ ಕೋಣೆಗಳಲ್ಲಿ ದೀಪಗಳು ತಡರಾತ್ರಿಯವರೆಗೂ ಉರಿಯುತ್ತವೆ. ಓದಿಗಾಗಿಯಲ್ಲ. ಮನೆಗೆ ಫೋನು ಮಾಡಿ ಸೋತೆನೆನ್ನಲು ನಾಚಿಕೆ, ನಿದ್ರೆ ಬಾರದು, ಊರಿನ ಗೆಳೆಯನ ಮದುವೆಯ ಚಿತ್ರಗಳು ಪರದೆಯ ಮೇಲೆ. ನಿದ್ರೆ ಕೆಟ್ಟ ಮೇಲೆ ಮಾರನೆಯ ದಿನದ ಓದೂ ಕೆಟ್ಟಂತೆಯೇ.

ಹೆತ್ತವರಿಗೆ ತಿಳಿದಿರಬೇಕಾದ ಸಂಗತಿಯೊಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ 'ಶಟ್' ಎಂಬ ಚಿಕಿತ್ಸಾಲಯವಿದೆ. ತಂತ್ರಜ್ಞಾನದ ಆರೋಗ್ಯಕರ ಬಳಕೆಯ ಸೇವೆ ಎಂಬುದು ಅದರ ಪೂರ್ಣ ಹೆಸರಿನ ಅರ್ಥ. ಡಾ. ಮನೋಜ್ ಕುಮಾರ್ ಶರ್ಮಾ ಅವರ ನೇತೃತ್ವದಲ್ಲಿ ಆರಂಭವಾದ ಇದು ದೇಶದಲ್ಲೇ ಈ ಬಗೆಯ ಮೊದಲನೆಯದು. ಅಲ್ಲಿಯವರು ನೋಡುವ ಲಕ್ಷಣಗಳು ನಾಲ್ಕು: ಬಿಡದ ಹಂಬಲ, ಹಿಡಿತ ತಪ್ಪುವುದು, ನೋಡದೆ ಇರಲಾರೆನೆಂಬ ಒತ್ತಡ, ಕೇಡಾಗುತ್ತಿದೆಯೆಂದು ತಿಳಿದ ಮೇಲೂ ಮುಂದುವರಿಯುವುದು. ಬರಿಯ ಗಂಟೆಗಳ ಲೆಕ್ಕಕ್ಕಿಂತ ಇವು ಮುಖ್ಯ. ಬೆಂಗಳೂರಿಗೆ ಬರಲಾಗದವರು 14416 ಸಂಖ್ಯೆಗೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಕರೆ ಉಚಿತ, ಕನ್ನಡದಲ್ಲಿ ಮಾತನಾಡಬಹುದು.

ಮಕ್ಕಳ ಮಾತನ್ನೇ ಆಡುತ್ತ ಹೋದರೆ ಅನ್ಯಾಯವಾದೀತು. ದೊಡ್ಡವರ ಚಟ ವಾಟ್ಸಾಪ್. ಬೆಳಗಿನ ನಮಸ್ಕಾರದ ಚಿತ್ರದಿಂದ ಆರಂಭವಾಗಿ ರಾತ್ರಿಯ ದ್ವೇಷದ ಸಂದೇಶದವರೆಗೆ ಬಂದದ್ದನ್ನೆಲ್ಲ ಮುಂದಕ್ಕೆ ಕಳುಹಿಸುವುದು. ಕಳುಹಿಸುವ ಮುನ್ನ ಓದಬೇಕೆಂಬ ತಾಳ್ಮೆಯನ್ನೇ ಈ ಅಭ್ಯಾಸ ಕಿತ್ತುಕೊಳ್ಳುತ್ತದೆ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಕರ್ನಾಟಕದಲ್ಲೆಲ್ಲ ಹರಡಿತು. ಮೈಸೂರು ರಸ್ತೆಗೆ ಸಮೀಪದ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ದುಡಿಮೆ ಅರಸಿ ಬಂದಿದ್ದ ಯುವಕನೊಬ್ಬನನ್ನು ಹಾಡಹಗಲಿನಲ್ಲಿ ಗುಂಪೊಂದು ಹೊಡೆದು ಕೊಂದಿತು. ಎರಡು ತಿಂಗಳೊಳಗೆ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಹಾಗೆಯೇ ಪ್ರಾಣ ತೆತ್ತರು; ಅವರ ಜೊತೆಯವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಶಂಕೆಗೆ ಕಾರಣವಾಗಿತ್ತು. ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳುಹಿಸಬಾರದೆಂಬ ಮಿತಿಯನ್ನು ಭಾರತದಲ್ಲಿ ವಾಟ್ಸಾಪ್ ತಂದದ್ದು ಆ ಜುಲೈನಲ್ಲಿ, ಸತ್ತವರು ಸತ್ತ ಮೇಲೆ.

ಈಗ ಇನ್ನೊಂದು ದಾರಿಗೆ ಬರೋಣ. ಕೆಂಗೇರಿ ದಾಟಿ ಬಿಡದಿಯ ಕಡೆ ಹೋಗುವ ರೈಲು ಹಳಿಯ ಮೇಲೆ 2017ರ ಅಕ್ಟೋಬರ್‌ನಲ್ಲಿ ಮೂವರು ವಿದ್ಯಾರ್ಥಿಗಳು ರೈಲಿಗೆ ಸಿಲುಕಿ ಸತ್ತರು. ಸೆಲ್ಫಿ ತೆಗೆಯುತ್ತಿದ್ದರೆಂದು ಅಂದು ಪೊಲೀಸರು ಶಂಕಿಸಿದ್ದರು. 2023ರ ಜುಲೈನಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದ ಬಂಡೆಯ ಮೇಲೆ ಭದ್ರಾವತಿಯ ಯುವಕನೊಬ್ಬ ನಿಂತಿದ್ದ, ಸಂಗಾತಿ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ. ಕಾಲು ಜಾರಿತು. ದಿನಗಟ್ಟಲೆ ಹುಡುಕಬೇಕಾಯಿತು. ಅವನು ಜಾರಿದ ದೃಶ್ಯ ಅಷ್ಟರಲ್ಲಿ ಊರಿಂದೂರಿಗೆ ಮೊಬೈಲುಗಳಲ್ಲಿ ಹರಿದಾಡಿತ್ತು. ಒಬ್ಬ ತಾಯಿಯ ದುಃಖವೂ ಹೆಬ್ಬೆರಳಿನ ಕೆಳಗೆ ಅರ್ಧ ನಿಮಿಷದ ಸರಕಾಯಿತು. ಅದರ ಕೆಳಗೆ ಮುಂದಿನದು ಯಾವುದೋ ಹಾಸ್ಯ.

2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದಲ್ಲಿ ಆದದ್ದು ನಿಮಗೆ ನೆನಪಿರಬಹುದು. ಸಾವಿರಾರು ಚಾರಣಿಗರು ಒಮ್ಮೆಗೇ ಬಂದು ನೆರೆದರು. ಅರಣ್ಯ ಇಲಾಖೆ, ಆನ್‌ಲೈನ್ ಮುಂಗಡ ನೋಂದಣಿ ಇಲ್ಲದ ಚಾರಣಪಥಗಳಲ್ಲಿ ಚಾರಣವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಬೆಟ್ಟ ಹತ್ತುವುದು ತಪ್ಪಲ್ಲ. ನಗರದ ಯುವಜನ ಕಾಡಿಗೆ ಬರಲಿ ಎಂದು ಬಯಸಿದವರು ನಾವೇ. ಆದರೆ ಇಂದು ಅನೇಕರನ್ನು ಬೆಟ್ಟಕ್ಕೆ ಕರೆತರುವುದು ಬೆಟ್ಟವಲ್ಲ, ಬೇರೊಬ್ಬರು ಅಲ್ಲಿ ನಿಂತ ಚಿತ್ರ. ಅದೇ ಬಂಡೆ, ಅದೇ ಭಂಗಿ ಬೇಕು. ಚಿತ್ರ ತೆಗೆಯುವವನು ಬೆಟ್ಟಕ್ಕೆ ಬೆನ್ನು ಮಾಡಿಯೇ ನಿಲ್ಲಬೇಕಲ್ಲವೇ? ಶೋಲೆಯ ಹುಲ್ಲು ತುಳಿದದ್ದು, ನೀರಿನ ಒರತೆಯ ಬಳಿ ಪ್ಲಾಸ್ಟಿಕ್ ಬಿಟ್ಟದ್ದು ಅವನ ಚಿತ್ರದಲ್ಲಿ ಕಾಣುವುದಿಲ್ಲ. ಸೋಮವಾರ ಅದನ್ನು ಹೆಕ್ಕುವವರು ನೀವು.

ನಗರದಲ್ಲಿಯೂ ಇದೇ ಕುರುಡು. 2021ರ ಆಗಸ್ಟ್‌ನಿಂದ ನಮ್ಮ ಮೆಟ್ರೊ ಕೆಂಗೇರಿಯವರೆಗೆ ಹೋಗುತ್ತಿದೆ. ವಿಜಯನಗರದಲ್ಲಿ ಹತ್ತಿದರೆ ಮೈಸೂರು ರಸ್ತೆಯ ಆಸುಪಾಸಿನಲ್ಲಿ ವೃಷಭಾವತಿ ಕಾಣುತ್ತದೆ. ಒಂದು ಕಾಲದಲ್ಲಿ ಗಾಳಿ ಆಂಜನೇಯನ ಗುಡಿಯ ಬಳಿ ಜನ ಮಿಂದ ನದಿ, ಇಂದು ಕಪ್ಪಾಗಿ ನೊರೆ ಹೊತ್ತು ಬೈರಮಂಗಲದ ಕೆರೆಗೂ ಅಲ್ಲಿಂದ ಅರ್ಕಾವತಿಗೂ ಹೋಗುತ್ತದೆ. ಬೋಗಿಯಲ್ಲಿ ನೂರು ಜನರಿದ್ದರೆ ಕಿಟಕಿಯಾಚೆ ನೋಡುವವರು ಐದಾರು ಮಂದಿ ಇದ್ದರೆ ಹೆಚ್ಚು. ನದಿಗಳನ್ನು ಉಳಿಸಿ ಎಂಬ ಚಿತ್ರಕ್ಕೆ ಮೆಚ್ಚುಗೆ ಒತ್ತುತ್ತಿರುವವನು ಅವರಲ್ಲೇ ಇರಬಹುದು. ನದಿ ಅವನ ಕಾಲ ಕೆಳಗೇ ಹಾದುಹೋಗುತ್ತಿರುತ್ತದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯವರು ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ ವಾರಗಟ್ಟಲೆ ಅಲ್ಲಿಯೇ ಇರಬೇಕಾಯಿತು, ಯಾವ ಮರ ಯಾವುದೆಂದು ಅವರಿಗೆ ಗೊತ್ತಿರಬೇಕಾಯಿತು. ಒಂದು ವಸ್ತುವನ್ನು ಬಹಳ ಹೊತ್ತು ನೋಡುತ್ತ ನಿಲ್ಲುವ ಶಕ್ತಿಯೇ ಕುಂದಿದರೆ ಚಳವಳಿಗೆ ಬರುವವರು ಯಾರು? ಸಂದೇಶ ತಲುಪಿಸಲು ನಾವೂ ಜಾಲತಾಣಗಳನ್ನು ಬಳಸುತ್ತೇವೆ, ಬಳಸೋಣ. ಆದರೆ ಬಂದ ಮೆಚ್ಚುಗೆಗಳನ್ನು ಬಂದ ಜನರೆಂದು ಎಣಿಸುವ ಭ್ರಮೆ ನಮ್ಮ ಸಂಘಟನೆಗಳಿಗೂ ತಗುಲುತ್ತಿದೆ.

ಪರಿಹಾರವೇನೆಂದು ಕೇಳುತ್ತೀರಿ. ಕಾನೂನಿನ ದಾರಿ ಒಂದುಂಟು. 2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ವಿಚಾರಣೆಯೊಂದರ ನಡುವೆ, ಜಾಲತಾಣ ಬಳಕೆಗೆ ವಯೋಮಿತಿ ಇರಬೇಕೆಂದು ಮೌಖಿಕವಾಗಿ ಅಭಿಪ್ರಾಯಪಟ್ಟಿತ್ತು; ಅದು ತೀರ್ಪಾಗಿರಲಿಲ್ಲ. ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನವರಿಗೆ ಖಾತೆ ಕೊಡಬಾರದೆಂಬ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿದೆ. ಹೊಣೆಯನ್ನು ಮಕ್ಕಳ ಮೇಲಲ್ಲ, ಸಂಸ್ಥೆಗಳ ಮೇಲೆ ಹೊರಿಸಿರುವುದು ಅದರ ಮೆಚ್ಚತಕ್ಕ ಅಂಶ. ಆದರೆ ಕಾನೂನಿಗಾಗಿ ಕಾದು ಕುಳಿತವರಲ್ಲ ನೀವು.

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಹಳ್ಳಿಗಳೇ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ. ಎಂಟೂವರೆಯವರೆಗೆ ಟಿವಿ, ಮೊಬೈಲುಗಳನ್ನು ಆರಿಸಿ ಮಕ್ಕಳು ಓದಬೇಕು, ದೊಡ್ಡವರು ಮಾತನಾಡಬೇಕು. 2025ರ ಡಿಸೆಂಬರ್‌ನಲ್ಲಿ ನಮ್ಮದೇ ಬೆಳಗಾವಿ ಸಮೀಪದ ಹಲಗಾ ಗ್ರಾಮವೂ ಏಳರಿಂದ ಒಂಬತ್ತರವರೆಗೆ ಇಂಥ ನಿಯಮ ಮಾಡಿಕೊಂಡ ಸುದ್ದಿ ಬಂದಿತು. ಒಬ್ಬ ಹುಡುಗ ಒಬ್ಬನೇ ಫೋನು ಬಿಟ್ಟರೆ ಅವನು ಗೆಳೆಯರ ಗುಂಪಿನಿಂದ ಹೊರಗಾಗುತ್ತಾನೆ. ಎಲ್ಲರೂ ಒಟ್ಟಿಗೆ ಬಿಟ್ಟರೆ ಯಾರೂ ಹೊರಗಾಗುವುದಿಲ್ಲ. ಈ ಸರಳ ಗುಟ್ಟನ್ನು ಆ ಊರುಗಳು ಕಂಡುಕೊಂಡವು.

ಮಲೆನಾಡಿಗೆ ಇದನ್ನು ಹಾಗೆಯೇ ತರಲಾಗದು. ಅಲ್ಲಿ ಮನೆಗಳು ಒತ್ತೊತ್ತಾಗಿವೆ, ಸೈರನ್ ಎಲ್ಲರಿಗೂ ಕೇಳುತ್ತದೆ. ಇಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ತೋಟ, ಒಂದು ಹಳ್ಳ ದಾಟಬೇಕು. ಮನೆಯೊಳಗೆ ಯಾರು ಏನು ನೋಡುತ್ತಿದ್ದಾರೆಂದು ನೆರೆಯವರಿಗೆ ತಿಳಿಯದು. ಫೋನೇ ಒಂಟಿಮನೆಯ ಮಕ್ಕಳಿಗೆ ಆಟದ ಬಯಲು. ಆದುದರಿಂದ ಇಲ್ಲಿ ಫೋನು ಕಸಿಯುವುದಕ್ಕೆ ಮುಂಚೆ ಮಕ್ಕಳು ಸೇರಲು ಒಂದು ಜಾಗ ಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಸರ್ಕಾರ ಈಗ ಅರಿವು ಕೇಂದ್ರಗಳೆಂದು ಕರೆಯುತ್ತಿದೆ. 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತವಾಗಿದೆ. ವಿಜಯನಗರದಲ್ಲಿ ಒಂದು ಕುರ್ಚಿಗಾಗಿ ಹೆಣಗುವ ಮಕ್ಕಳನ್ನು ಕಂಡ ನನಗೆ, ನಿಮ್ಮೂರಿನ ಬೀಗ ಹಾಕಿದ ಗ್ರಂಥಾಲಯ ಕಂಡರೆ ಸಂಕಟವಾಗುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಬೇಕೆಂದು ಕೋರುತ್ತೇನೆ. ವಾರಕ್ಕೆ ಮೂರು ಸಂಜೆ ಅರಿವು ಕೇಂದ್ರ ತೆರೆದಿರಲು ಬೀಗದ ಕೈ ಯಾರ ಬಳಿ ಇರಬೇಕು, ಮಳೆಗಾಲದಲ್ಲಿ ಕರೆಂಟು ಹೋದರೆ ದೀಪಕ್ಕೇನು ವ್ಯವಸ್ಥೆ, ಓದು ಮುಗಿದ ಮೇಲೆ ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವ ಸರದಿ ಯಾರ್ಯಾರದು, ಆ ಹೊತ್ತಿನಲ್ಲಿ ದೊಡ್ಡವರ ಫೋನುಗಳು ಯಾವ ಮನೆಯ ಕಪಾಟಿನಲ್ಲಿರಬೇಕು. ಸ್ತ್ರೀಶಕ್ತಿ ಸಂಘದವರೂ ಹಾಲಿನ ಡೇರಿಯವರೂ ಸೇರಿದರೆ ಒಂದು ಸಂಜೆಯಲ್ಲಿ ಇತ್ಯರ್ಥವಾಗುವ ಪ್ರಶ್ನೆಗಳಿವು. ಪುಸ್ತಕಗಳ ಪಟ್ಟಿ ಮಾಡಿ ಕಳುಹಿಸಿದರೆ ವಿಜಯನಗರದಲ್ಲಿರುವ ನಿಮ್ಮೂರಿನ ಮಕ್ಕಳೇ, ತಾವು ಓದಿ ಮುಗಿಸಿದವುಗಳನ್ನು ಬಸ್ಸಿನಲ್ಲಿ ಹಾಕಿ ಕಳುಹಿಸಲು ಒಪ್ಪಿದ್ದಾರೆ. ಮೊದಲ ಕಟ್ಟನ್ನು ನಾನು ಜೊತೆಯಲ್ಲೇ ತಂದಿದ್ದೇನೆ. ಅದು ಹೊರಗಿನ ಜಗುಲಿಯ ಮೇಲಿದೆ.